ಎಪ್ಪತ್ತೊಂದನೆಯ ನಿಮಿಷ

ಕೋಡಿಬಾಗದ ನನ್ನ ಅಂಗಡಿಯಲ್ಲಿ ಎರಡು ಕುರ್ಚಿ,
ಒಂದು ತಿರುಗುತ್ತದೆ.
ತಿರುಗದ್ದರಲ್ಲಿ ಕೂರುವವರು
ಕ್ಷೌರಕ್ಕೆ ಬಂದವರಲ್ಲ.

ಸೋತು ಇವತ್ತಿಗೆ ಒಂಬತ್ತು ದಿನ.
ಗೋಡೆಯ ಗಡಿಯಾರ ಏನಾದರೂ ಹೇಳಲಿ,
ಇಲ್ಲಿ ಇನ್ನೂ ಎಪ್ಪತ್ತೊಂದನೆಯ ನಿಮಿಷ.

ಒಂದು ಗೋಲು ಮುಂದಿದ್ದೆವು.
ಮಿನಿನ್ ಓಡಿದ ಕಡೆಯೆಲ್ಲ ಬೆಳಗಾವಿಯವರ ಬ್ಯಾಕು
ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದ.
ಆಗ ಅಂಕೋಲೇಕರ್ ಸರ್ ಎದ್ದು
ಮಿನಿನ್‌ನನ್ನೇ ಹೊರಗೆ ಕರೆದರು.
ಒಳಗೆ ಬಿಟ್ಟದ್ದು ಆ ಉದ್ದ ಹುಡುಗನನ್ನು,
ಎರಡನೇ ಬಿಕಾಂ, ಹೆಸರೂ ಯಾರಿಗೂ ಗೊತ್ತಿರಲಿಲ್ಲ.
ಈಗ ಊರಿಗೆಲ್ಲ ಗೊತ್ತು.
ಆಮೇಲೆ ಎರಡು ಗೋಲು, ಎರಡೂ ಅವನ ಬದಿಯಿಂದ.

ಶಾಬಾ ತಾಂಡೇಲ ನನ್ನ ಪೌಡರ್ ಡಬ್ಬಿಯನ್ನು
ಗೋಲಿನಲ್ಲಿ ನಿಲ್ಲಿಸುತ್ತಾನೆ.
ಹಿಂದೆ ನಾಲ್ಕು ಬಾಚಣಿಗೆ, ಮುಂದೆ ಕತ್ತರಿ,
ಸ್ಫಟಿಕದ ತುಂಡು ಚೆಂಡು.
"ಬಲೆ ಹರಿದದ್ದು ಇಲ್ಲಿ ಮಾರಾಯ,
ಈ ಮನುಷ್ಯ ಹೊಲಿಗೆ ಹಾಕಿದ್ದು ಅಲ್ಲಿ!"

ಉಲ್ಲಾಸ್ ರೇವಣಕರ್, ಗುಂಜಿ ತೂಗುವ ಕೈ,
ಬಾಚಣಿಗೆಯೊಂದನ್ನು ಅರ್ಧ ಬೆರಳು ಸರಿಸಿ
"ತಪ್ಪಿದ್ದು ಟಾಸಿನಲ್ಲಿ" ಎನ್ನುತ್ತಾನೆ.
"ಮೂರರ ಮೇಲೆ ಸಮುದ್ರದಿಂದ ಗಾಳಿ ಏಳುತ್ತದೆ,
ಹನ್ನೆರಡನೇ ಆಟಗಾರ ಅದು.
ಪುಕ್ಕಟೆ ಅವರಿಗೆ ಕೊಟ್ಟು ಕೂತರು."

ಗಫಾರ್ ಸಾಬ, ಡಿಪೋದಿಂದ ನೇರ, ಹೆಗಲಲ್ಲಿ ಚೀಲ:
"ಆರು ಮ್ಯಾಚು. ಎರಡು ಗೆದ್ದದ್ದು, ಮೂರು ಸಮ, ಒಂದು ಸೋಲು.
ಚಿಲ್ಲರೆ ಸರಿಯಾಗೇ ಇದೆಯಲ್ಲ, ಯಾಕೆ ಗಲಾಟೆ?"
ಚಿಲ್ಲರೆಯಂತೆ!
ಅಸಿಸ್ಟೆಂಟ್ ಕೋಚು ಹಾಸ್ಟೆಲಿನ ಅಕ್ಕಿ ಲೆಕ್ಕ ಬರೆಯುವವ,
ಗೋಲಿಗೆ ಕಲಿಸುವವ ಸರ್ ಹೆಂಡತಿಯ ತಮ್ಮ.

ಪಾಸ್ಕು ಮಾತ್ರ ಮಂಡಿ ಒತ್ತುತ್ತ ಕೂತಿರುತ್ತಾನೆ,
ಎಪ್ಪತ್ತೆಂಟರಲ್ಲಿ ಅದೇ ಕಾಲೇಜಿನ ಲೆಫ್ಟ್ ಔಟ್.
"ನಮಗೆ ಕೋಚೇ ಇರಲಿಲ್ಲ."
ಸೋತರೆ ಯಾರಿಗೆ ಬೈತಿದ್ರಿ?
"ಗಾಳಿಗೆ."

ಶನಿವಾರ, ಡಬ್ಬಿ ಇನ್ನೂ ಗೋಲಿನಲ್ಲೇ ಇರುವಾಗ
ಪರದೆ ಸರಿಸಿ ಒಳಬಂದರು ಅಂಕೋಲೇಕರ್ ಸರ್.
ಉಲ್ಲಾಸನಿಗೆ ತಟ್ಟನೆ ಕ್ಯಾಲೆಂಡರಿನಲ್ಲಿ
ಏಕಾದಶಿ ಹುಡುಕಬೇಕಾಯಿತು.
ಶಾಬಾ ಕೆಮ್ಮಿದ.
ಸರ್ ಕನ್ನಡಿಯ ಕೆಳಗಿನ ಸಾಲನ್ನು ನೋಡಿದರು,
ಬಲಗಡೆಯ ಬಾಚಣಿಗೆಯನ್ನು ತುಸು ಹಿಂದಕ್ಕೆಳೆದರು,
ತಿರುಗುವ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು.

ನೊರೆ ಹಚ್ಚಿದೆ. ಗಂಟಲ ಮೇಲೆ ಕತ್ತಿ.
ಆ ದಿನ ಅಂಗಡಿ ಮುಚ್ಚಿ ನಾನೂ ಹೋಗಿದ್ದೆ,
ಸುಣ್ಣದ ಗೆರೆಯ ಹತ್ತಿರ ನಿಂತು ನಾನೂ ಕೂಗಿದ್ದೆ,
ಇದೇ ಮನುಷ್ಯನ ತಾಯಿಯ ತನಕ ಹೋಗಿದ್ದೆ.
ಈಗ ಕೇಳಬಹುದಿತ್ತು: ಸರ್, ಮಿನಿನ್ ಯಾಕೆ?
ಕತ್ತಿ ಹಿಡಿದವನಿಗೆ ಯಾರು ಸುಳ್ಳು ಹೇಳುತ್ತಾರೆ.

ನೊರೆಯ ಅಡಿಯಲ್ಲಿ ತುಟಿ ಅಲುಗುತ್ತಿತ್ತು.
ಮಂತ್ರ ಅಂದುಕೊಂಡೆ.
ಬಾಗಿ ಕೇಳಿದರೆ ಹೆಸರುಗಳು:
ಗೋಲಿಯಿಂದ ಶುರು, ನಾಲ್ವರು ಬ್ಯಾಕು, ಆಮೇಲೊಬ್ಬ,
ಏಳನೆಯವನ ಹತ್ತಿರ ಬಂದು ನಿಂತು
ಮತ್ತೆ ಗೋಲಿಯಿಂದ.
ಮೂರು ಸಲ.
ಅಲುಗುವ ತುಟಿಗೆ ಕತ್ತಿ ಇಡಬಾರದು, ಅಪ್ಪ ಕಲಿಸಿದ್ದು.
ಕೈ ಎತ್ತಿ ಹಿಡಿದು ಕಾದೆ.

ಮುಖ ಒರೆಸಿಕೊಂಡು ದುಡ್ಡು ಕೊಟ್ಟರು.
ಬಾಗಿಲಲ್ಲಿ, ಯಾರಿಗೆಂದಲ್ಲ,
"ಮಾಜಾಳಿಯಲ್ಲಿ ಒಬ್ಬ ಹುಡುಗ ಇದ್ದಾನಂತೆ. ಎಡಗಾಲು" ಅಂದರು.

ಸ್ಕೂಟರಿನ ಸದ್ದು ಕಾಳಿ ಸೇತುವೆ ಮುಟ್ಟುವ ಮೊದಲೇ
ಶಾಬಾ ಕನ್ನಡಿಗೆ ಮೂಗು ತಾಗಿಸಿ ನಿಂತಿದ್ದ.
"ಎಳೆದದ್ದು ಯಾವುದು? ಇದಾ? ಇಷ್ಟೇನಾ?"
ಉಲ್ಲಾಸ್ ಬೆರಳಿಟ್ಟು ಅಳೆದ.
ಹಾಗಾದರೆ ಉದ್ದ ಹುಡುಗ ನಿಲ್ಲಬೇಕಿದ್ದದ್ದು ಇಲ್ಲಿ.
ನಿಂತದ್ದು ಎಲ್ಲಿ?
ಗಫಾರ್ ಸಾಬರ ಬಸ್ಸು ಹೊರಡುವ ಹೊತ್ತು ಮೀರಿತ್ತು.
ಪಾಸ್ಕು ಮಂಡಿ ಹಿಡಿದೇ ಎದ್ದುಬಂದ,
ಸ್ಫಟಿಕವನ್ನು ಕಿರುಬೆರಳಲ್ಲಿ ಎಡಬದಿಗೆ ಉರುಳಿಸಿದ.

ಮುಂದಿನ ಗಿರಾಕಿಯ ಗಲ್ಲದಲ್ಲಿ ಸಾಸಿವೆಯಷ್ಟು ರಕ್ತ.
ನನಗೆ ಸ್ಫಟಿಕ ಬೇಕಿತ್ತು.
ಇರು ಮಾರಾಯ, ಎಂದೆ,
ಇನ್ನೂ ಹತ್ತೊಂಬತ್ತು ನಿಮಿಷ ಉಂಟು.